ಬಟ್ಟಲಿಗೆ ಬೀಳದ ಮೊನೆ

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ, ಅವನ ಬಾಯಿಂದಲೇ ಕೇಳಿದ್ದು. ದೇವರಿಗೆ ಕೈ ಮುಗಿದು ಕೂತು ಬರೆಯುತ್ತಿದ್ದೇನೆ. ಒಂದು ಮಾತನ್ನೂ ಕೂಡಿಸುವುದಿಲ್ಲ.

ಆಸ್ಪತ್ರೆಯಲ್ಲಿ ಅವನದು ಎರಡನೆಯ ಪಾಳಿ. ಮುಗಿಯುವಾಗ ರಾತ್ರಿ ಹನ್ನೊಂದು. ಮನೆಯ ದಾರಿಯಲ್ಲಿ ಒಂದು ಹಳೆಯ ಬಾವಿ. ಈಗ ಯಾರೂ ನೀರು ಸೇದುವುದಿಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಆವತ್ತು ಅವನ ಜೇಬಿನಲ್ಲಿ ಕೆಲಸ ಕಾಯಂ ಆದ ಪತ್ರ ಇತ್ತು. ಆರು ವರ್ಷ ಕಾದ ಪತ್ರ. ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು... ಹಿಂದೆ ಸದ್ದು.

ಟಿಣ್.

ಅವನು ನಿಂತ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಗೊತ್ತು ಅನ್ನುವುದನ್ನು ಮೊದಲು ಹೇಳಬೇಕು.

ಅವನ ಕೆಲಸ ಆಪರೇಷನ್ ಕೋಣೆಯಲ್ಲಿ. ಅಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲವಂತೆ. ಹೊಕ್ಕುಳ ಪಕ್ಕ ಬೆರಳು ತೂರುವಷ್ಟು ಒಂದೇ ತೂತು. ಅದರೊಳಗೆ ಒಂದು ಕ್ಯಾಮೆರಾ, ಜೊತೆಗೆ ಕೊಯ್ಯುವುದಕ್ಕೆ ಅಕ್ಕಿಕಾಳಿನಷ್ಟು ಒಂದು ಉಕ್ಕಿನ ಮೊನೆ. ಆ ಮೊನೆಗೆ ಹಿಡಿಯಿಲ್ಲ, ದಾರವಿಲ್ಲ. ಹೊರಗೆ, ಹೊಟ್ಟೆಯ ಮೇಲೆ, ಅಯಸ್ಕಾಂತದ ದೊಡ್ಡ ತೋಳು ತೂಗುತ್ತಿರುತ್ತದೆ. ತೋಳು ಎಡಕ್ಕೆ ಸರಿದರೆ ಒಳಗೆ ಮೊನೆಯೂ ಎಡಕ್ಕೆ. ಡಾಕ್ಟರು ಪರದೆ ನೋಡಿಕೊಂಡು ಹೇಳುತ್ತಾರೆ, ನನ್ನ ತಮ್ಮ ತೋಳು ಸರಿಸುತ್ತಾನೆ.

ಎಲ್ಲ ಮುಗಿದ ಮೇಲೆ ಕ್ಯಾಮೆರಾ ತೆಗೆದು, ಅದೇ ತೂತಿನಿಂದ ಮೊನೆಯನ್ನು ಎಳೆದು ಬಟ್ಟಲಿಗೆ ಬೀಳಿಸಬೇಕು. ಆ ಗಳಿಗೆಯಲ್ಲಿ ಒಳಗಿನದು ಯಾರ ಕಣ್ಣಿಗೂ ಕಾಣದು. ಕಿವಿಯೇ ಸಾಕ್ಷಿ. ಡಾಕ್ಟರು ಹೊಲಿಗೆಗೆ ಕೈ ಹಾಕಿ, ತಲೆ ಎತ್ತದೆ, "ಬಂತಾ?" ಅನ್ನುತ್ತಾರೆ. ಬಟ್ಟಲು ಟಿಣ್ ಅನ್ನಬೇಕು. ಇವನು "ಬಂತು" ಅನ್ನಬೇಕು. ಆಮೇಲೆ ಹೊಲಿಗೆ.

ನಿಜವಾಗಿ ಬಿದ್ದ ಮೊನೆ ಒಂದು ಸಲ ಪುಟಿಯುತ್ತದೆ. ಟಿಣ್... ಟಿಣಿ. ಆ ಎರಡನೆಯ ಸಣ್ಣ ಸದ್ದು ಇವನನ್ನು ಬಿಟ್ಟು ಬೇರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಒಂದು ದಿನ ಬಟ್ಟೆ ಹೊಲಿದು ಬದುಕುವ ಒಬ್ಬ ಮುದುಕಿ ಮೇಜಿನ ಮೇಲಿದ್ದಳು. ಮೊನೆ ತೂತಿನ ಬಾಯಿಯವರೆಗೆ ಬಂದು ಜಾರಿತು. ಮತ್ತೆ ಎಳೆದ. ಇಲ್ಲ. ಹಿಂದಿನ ತಿಂಗಳು ಹೀಗೇ ಒಂದು ಜಾರಿ, ಹುಡುಕುವುದಕ್ಕೆ ಎರಡು ಗಂಟೆ ಹಿಡಿದಿತ್ತು. ಇನ್ನೊಮ್ಮೆ ಹೀಗಾದರೆ ಕಾಯಂ ಮಾಡುವ ಮಾತೇ ಇಲ್ಲ ಅಂದಿದ್ದರು. ಡಾಕ್ಟರು ಬಂತಾ ಅಂತ ಕೇಳಿದರು. ಇವನು ಚಿಮಟದ ತುದಿಯಿಂದ ಬಟ್ಟಲಿಗೆ ಮೆಲ್ಲಗೆ ಬಡಿದ.

ಟಿಣ್.

"ಬಂತು."

ಆಮೇಲೆ ಕಪಾಟಿನಿಂದ ಹೊಸ ಮೊನೆಯೊಂದನ್ನು ತಂದು ಬಟ್ಟಲಿಗೆ ಹಾಕಿದ. ಯಾರಿಗೂ ತಿಳಿಯಲಿಲ್ಲ.

ಹದಿನೈದು ದಿನಕ್ಕೆ ಮುದುಕಿ ತಿರುಗಿ ಬಂದಳು. ಒಳಗೆ ಏನೋ ಚುಚ್ಚುತ್ತಿದೆ ಅಂದಳು. ಡಾಕ್ಟರು ಇವನ ಮುಖ ನೋಡಿದರು. ಎಲ್ಲ ಬಂದಿದೆ ಸರ್, ಬರೆದಿಟ್ಟಿದ್ದೇನೆ ಅಂದ. ಗಾಳಿ ಇರಬೇಕು, ಎರಡು ದಿನ ಹಾಗೇ ಅನಿಸುತ್ತೆ ಅಂತ ಮಾತ್ರೆ ಕೊಟ್ಟು ಕಳಿಸಿದರು. ಮತ್ತೆ ಬಂದಳು. ಮತ್ತೆ ಮಾತ್ರೆ. ಮೂರನೆಯ ಸಲ ಇವನನ್ನೇ ತೋಳು ಹಿಡಿದು ನಿಲ್ಲಿಸಿದಳು.

"ನಲವತ್ತು ವರ್ಷ ಸೂಜಿ ಹಿಡಿದವಳಪ್ಪ ನಾನು. ಚುಚ್ಚೋದು ಸೂಜಿಯೋ ಗಾಳಿಯೋ ನನಗೆ ಗೊತ್ತಾಗಲ್ವಾ?"

"ಹಿಡಿದೂ ಹಿಡಿದೂ ಸೂಜಿ ನಿಮ್ಮ ತಲೆಗೇ ಏರಿದೆ ಅಜ್ಜಿ," ಅಂದ ಇವನು. ನರ್ಸುಗಳು ನಕ್ಕರು. ಅವತ್ತಿನಿಂದ ಅವಳ ಹೆಸರು ಸೂಜಿಯಜ್ಜಿ.

ಅವಳು ಕಾಯುತ್ತಾ ಕೂರುವ ಬೆಂಚು ಕೆಳಗಿನ ಅಂತಸ್ತಿನಲ್ಲಿ, ಆಪರೇಷನ್ ಕೋಣೆಗೆ ಸರಿಯಾಗಿ ಕೆಳಗೆ. ಒಂದು ಮಧ್ಯಾಹ್ನ ಕೋಣೆ ಖಾಲಿ ಇತ್ತು. ಇವನು ಬಾಗಿಲು ತೆರೆದಿಟ್ಟು, ಅಯಸ್ಕಾಂತದ ತೋಳನ್ನು ನೆಲ ಮುಟ್ಟುವಷ್ಟು ಇಳಿಸಿ, ಬಲಕ್ಕೆ ಸರಿಸಿದ. ಕೆಳಗಿನಿಂದ "ಅಮ್ಮಾ" ಅಂತ ಕೇಳಿತು. ಎಡಕ್ಕೆ ಸರಿಸಿದ. ಮತ್ತೆ "ಅಮ್ಮಾ". ಇನ್ನೊಂದು ಸಲ ಬಲಕ್ಕೆ... ಖಾತ್ರಿಯಾಯಿತು. ತೋಳನ್ನು ಮೇಲೆತ್ತಿ ಟೀ ಕುಡಿಯಲು ಹೋದ. ನನಗೆ ಹೇಳುವಾಗಲೂ, "ಒಳಗಿದೆಯಾ ಅಂತ ನೋಡಬೇಕಿತ್ತು ಅಣ್ಣ, ಅಷ್ಟೇ," ಅಂದ.

ಮುದುಕಿಗೆ ಜ್ವರ ಏರಿತು. ಹೊಟ್ಟೆಯೊಳಗೆ ಕೀವು ತುಂಬಿ ಸತ್ತಳು. ಐದು ದಿನಕ್ಕೆ ಇವನಿಗೆ ಪತ್ರ ಬಂತು.

ಈಗ ಬಾವಿಯ ಹತ್ತಿರ ಬನ್ನಿ.

ಕೇಳಿದ್ದು ಒಂದೇ ಸದ್ದು. ಪುಟಿಯಲಿಲ್ಲ. ತಿರುಗಿ ನೋಡಿದರೆ ಜಾಲರಿಯ ಮೇಲೆ ಏನೂ ಇಲ್ಲ, ಯಾರೂ ಇಲ್ಲ. ಜೇಬಿನಲ್ಲಿದ್ದ ಬೀಗದ ಕೈ ಗೊಂಚಲು ಮಾತ್ರ ಬಟ್ಟೆಯ ಸಮೇತ ಎಳೆಯುತ್ತಿತ್ತು... ಬಾವಿಯ ಕಡೆಗೆ. ಆಗ ಕಿವಿಯ ಹತ್ತಿರವೇ, ಪಿಸುದನಿಯಲ್ಲಿ:

"ಬಂತಾ?"

ಆರು ವರ್ಷದ ರೂಢಿ. ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತು.

"ಬಂತು."

ಹೊಕ್ಕುಳ ಪಕ್ಕ ಚುಳ್ ಅಂತು.

ಎಕ್ಸ್‌ರೇ ತೆಗೆದರು. ಅಕ್ಕಿಕಾಳಿನಷ್ಟು ಬಿಳಿ ಗೆರೆ. ಚರ್ಮದ ಮೇಲೆ ಒಂದು ಗೀರೂ ಇಲ್ಲ. ನುಂಗಿಬಿಟ್ಟೆಯೇನೋ ಅಂತ ಡಾಕ್ಟರು ಗದರಿದರು. ಅದೇ ಮೇಜಿನ ಮೇಲೆ, ಅದೇ ಅಯಸ್ಕಾಂತದ ಕೆಳಗೆ ಮಲಗಿಸಿದರು. ಹೊಟ್ಟೆಯಷ್ಟನ್ನೇ ಮರಗಟ್ಟಿಸಿದ್ದರಿಂದ ಇವನಿಗೆ ಪೂರ್ತಿ ಎಚ್ಚರ. ತೋಳು ಹಿಡಿದವನು ಇವನ ಜಾಗಕ್ಕೆ ಬಂದ ಹೊಸಬ.

"ಬಂತಾ?" ಅಂದರು ಡಾಕ್ಟರು.

ಟಿಣ್.

ಇವನು ಉಸಿರು ಹಿಡಿದು ಎರಡನೆಯ ಸದ್ದಿಗೆ ಕಾದ... ಬರಲಿಲ್ಲ.

"ಬಂತು."

ಬಂದಿಲ್ಲ ಸರ್, ಒಂದು ಸಲ ಬಟ್ಟಲು ನೋಡಿ ಅಂತ ಅಂಗಲಾಚಿದ. ಡಾಕ್ಟರ ಕಣ್ಣು ಹೊಲಿಗೆ ಬಿಟ್ಟು ಏಳಲಿಲ್ಲ. ಗಾಳಿ, ಎರಡು ದಿನ ಹಾಗೇ ಅನಿಸುತ್ತೆ ಅಂದರು. ಆಮೇಲೆ ಎಷ್ಟು ಸಲ ಹೋಗಿ ಹೇಳಿದರೂ ಅದೇ ಮಾತು. ನರ್ಸುಗಳು ಇವನಿಗೂ ಒಂದು ಹೆಸರಿಟ್ಟರು. ಸೂಜಿಯಣ್ಣ.

ಕೊನೆಯ ಹನ್ನೆರಡು ದಿನ ನನ್ನ ಮನೆಯಲ್ಲಿದ್ದ. ಇದೆಲ್ಲ ಹೇಳಿದ್ದು ಆಗಲೇ. ಹೇಳುತ್ತಾ ಹೇಳುತ್ತಾ ಹೊಟ್ಟೆ ಹಿಡಿದುಕೊಂಡು ಒಂದು ಮಗ್ಗುಲಿಗೆ ಹೊರಳುತ್ತಿದ್ದ, ತಕ್ಷಣ ಇನ್ನೊಂದಕ್ಕೆ.

"ಸರಿಸ್ತಿದ್ದಾಳೆ ಅಣ್ಣ... ಬಲಕ್ಕೆ... ಈಗ ಎಡಕ್ಕೆ..."

ನಾನು ದೇವರ ಮುಂದೆ ಕೂತೆ. ಇವನನ್ನು ಉಳಿಸು ಅನ್ನಲು ಬಾಯಿ ಬರಲಿಲ್ಲ. ಬೇಗ ಮುಗಿಸು ಅಂತ ಬೇಡಿಕೊಂಡೆ. ಬೇಗ ಮುಗಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆಸ್ಪತ್ರೆಗೆ ಹೋಗಿ ಆ ಹೊಸಬನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಕೇಳಿದೆ. ಅವನು ಅತ್ತಿತ್ತ ನೋಡಿದ.

"ನಾನು ಬಾಯಿ ಬಿಡಲೇ ಇಲ್ಲ ಅಣ್ಣ. ಬಂತು ಅಂದಿದ್ದು ಹೆಂಗಸಿನ ದನಿ. ನರ್ಸ್ ಇರಬೇಕು ಅಂದ್ಕೊಂಡೆ. ಆಮೇಲೆ ನೋಡಿದ್ರೆ... ಅವತ್ತು ಒಳಗೆ ಹೆಂಗಸರೇ ಇರಲಿಲ್ಲ."

"ಬಟ್ಟಲು?"

"ಖಾಲಿ ಇತ್ತು."

"ಹೇಳಬಾರದಿತ್ತೇನಪ್ಪ?"

"ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ."

ತಮ್ಮ ಮಲಗಿದ್ದ ಕೋಣೆಗೆ ಈಗ ಬೀಗ ಹಾಕಿದ್ದೇವೆ. ಗೋಡೆಯ ಈಚೆ ನನ್ನ ಹೆಂಡತಿ ಹೊಲಿಯಲು ಕೂರುತ್ತಾಳೆ. ಡಬ್ಬಿಯ ಮುಚ್ಚಳದಲ್ಲಿ ಆರು ಸೂಜಿ. ರಾತ್ರಿ ಹೇಗೆಂದರೆ ಹಾಗೆ ಹಾಕಿ ಮಲಗುತ್ತಾಳೆ. ಬೆಳಿಗ್ಗೆ ಎದ್ದು ನೋಡಿದರೆ ಆರರ ಮೊನೆಯೂ ಆ ಗೋಡೆಯ ಕಡೆಗೆ. ಇವತ್ತು ಬೆಳಿಗ್ಗೆಯೂ ನಾನೇ ನೋಡಿದೆ. ಕನ್ನಡಕ ಹಾಕಿಕೊಂಡೇ ನೋಡಿದೆ.