ಗೇಟಿನ ಸಾಲಾವಳಿ

ಒಬ್ಬ ಸಾಹುಕಾರ. ಯಾವ ಊರಿನವನು ಎಂದು ಕೇಳಬೇಡಿ, ಹೇಳಿದರೆ ಈ ಸಭೆಯಿಂದಲೇ ಇಬ್ಬರು ಎದ್ದು ಹೋಗುತ್ತಾರೆ. ಅವನ ಮನೆಯಲ್ಲಿ ಕೈಯಿಂದ ಮಾಡುವ ಕೆಲಸವೆಂದರೆ ಊಟ ಒಂದೇ. ಗೇಟು, ಪಂಪು, ಕಾಲಿಂಗ್ ಬೆಲ್, ದೇವರ ಮುಂದಿನ ದೀಪ, ಎಲ್ಲಕ್ಕೂ ಅಪ್ಪಣೆ ಕೊಡಲು ಗೋಡೆಯ ಮೇಲೊಂದು ಪುಟ್ಟ ಪೆಟ್ಟಿಗೆ. ಅದಕ್ಕೆ ಹಬ್ ಎನ್ನುತ್ತಾರೆ. ನೋಡಿ, ತುಂಬಿದ ಮನೆಯಲ್ಲಿ ಹಿರಿಯ ಸೊಸೆ ಇರುತ್ತಾಳಲ್ಲ, ಹಾಗೆ. ಎಲ್ಲರ ಮಾತೂ ಅವಳ ಕಿವಿ ಹಾದೇ ಹೋಗಬೇಕು.

ಪೆಟ್ಟಿಗೆ ಕೂರಿಸಿದ ಮೆಕ್ಯಾನಿಕ್ ಹೊರಡುವಾಗ ಹೇಳಿದ್ದ: “ಯಜಮಾನ್ರೇ, ಇದರೊಳಗಿನ ಬುದ್ಧಿಗೆ ಫರ್ಮ್‌ವೇರ್ ಅಂತಾರೆ. ಆಗಾಗ ಹೊಸದು ಬರುತ್ತೆ. ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ಗೇಟಿನ ಮೋಟಾರು ಹಳೇದು. ಹೊಸ ಬುದ್ಧಿಗೂ ಅದಕ್ಕೂ ಹೊಂದುತ್ತಾ ಅಂತ ಮೊದಲು ನೋಡ್ಬೇಕು. ಒತ್ತೋ ಮುಂಚೆ ನನಗೊಂದು ಫೋನ್ ಮಾಡಿ.”

“ಆಗಲಿ, ಆಗಲಿ” ಎಂದ ಸಾಹುಕಾರ. ಯಾರು ಏನು ಹೇಳಿದರೂ ಅವನು ಆಗಲಿ ಎನ್ನುವವನೇ. ಕೇಳಿಸಿಕೊಳ್ಳುವವನಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳಿಗೊಂದು ಸಂಬಂಧ ಬಂದಿತ್ತು. ಮೂವರು ಜೋಯಿಸರ ಹತ್ತಿರ ಸಾಲಾವಳಿ ನೋಡಿಸಿದ. ಗಣ ಹೊಂದಿತು, ರಾಶಿ ಹೊಂದಿತು, ನಾಡಿ ಹೊಂದಿತು. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ, ಪೆಟ್ಟಿಗೆಯ ಮೇಲೆ ಅಕ್ಷರ ಮೂಡಿತು: ‘ಹೊಸ ಫರ್ಮ್‌ವೇರ್ ಬಂದಿದೆ. ಹಳೆಯ ಉಪಕರಣಗಳು ಇದಕ್ಕೆ ಹೊಂದುತ್ತವೆಯೇ ಎಂದು ನೋಡುವ ಹೊಣೆ ನಿಮ್ಮದು. ಒಪ್ಪಿಗೆಯೇ?’

ಇಷ್ಟುದ್ದ ಬರೆದಿತ್ತು. ಅವನು ಓದಿದ್ದು ಎಷ್ಟು? ‘ಹೊಸ’ ಎಂಬ ಒಂದು ಮಾತು. ಇಂಥ ದಿನ ಮನೆಯಲ್ಲಿ ಹಳೆಯದೇನೂ ಇರಬಾರದು ಎಂದುಕೊಂಡು ಒಪ್ಪಿಗೆ ಒತ್ತಿಯೇಬಿಟ್ಟ.

ದೀಪ ಇನ್ನಷ್ಟು ಬೆಳಗಿತು. ಬೆಲ್ಲಿನ ದನಿ ಇನ್ನಷ್ಟು ಇಂಪಾಯಿತು. ಗೇಟು? ಗೇಟು ಗರಬಡಿದಂತೆ ನಿಂತುಬಿಟ್ಟಿತು.

ಕಾರು ಬಂತು. ಗಂಡಿನ ತಂದೆ ಇಳಿದು ಬೆಲ್ ಒತ್ತಿದರು. “ಸುಸ್ವಾಗತ! ದಯಮಾಡಿ ಒಳಗೆ ಬನ್ನಿ” ಎಂದಿತು ಬೆಲ್. ಗೇಟು ಅಲುಗಲಿಲ್ಲ. ಮತ್ತೆ ಒತ್ತಿದರು. ಮತ್ತೆ ಸುಸ್ವಾಗತ.

“ಏನ್ ಸ್ವಾಮಿ, ಕರೀತಿದ್ದೀರೋ, ಅಣಕಿಸ್ತಿದ್ದೀರೋ?”

ಸಾಹುಕಾರ ಸರಳುಗಳ ಈಚೆ ಕೈಮುಗಿದು ನಿಂತ. ಇಷ್ಟು ಒಳ್ಳೆಯ ಸಂಬಂಧ ಬಾಗಿಲಿಂದಲೇ ವಾಪಸು ಹೋದರೆ? “ಪೆಟ್ಟಿಗೆ ಮಾರಿದ ಅಂಗಡಿಯವನು ಮೋಸ ಮಾಡ್ದ ಸ್ವಾಮಿ” ಎಂದ. ಹೆಂಡತಿಯ ಕಡೆ ತಿರುಗಿ, “ನೀನೇನಾದ್ರೂ ಮುಟ್ಟಿದ್ಯಾ?” ಎಂದ.

“ನಾನು ಮುಟ್ಟಿದ್ದು ಕೇಸರಿಬಾತಿನ ಸೌಟು ಒಂದೇ” ಎಂದಳು ಆಕೆ. “ಮಗಳಿಗೆ ಮೂರು ಜನರ ಹತ್ರ ಸಾಲಾವಳಿ ನೋಡ್ಸಿದ್ರಲ್ಲ, ಪೆಟ್ಟಿಗೆಗೂ ಗೇಟಿಗೂ ನೋಡ್ಸೋಕೆ ಏನಾಗಿತ್ತು?”

ಸಾಹುಕಾರ ಮೆಕ್ಯಾನಿಕ್‌ಗೆ ಫೋನು ಹಚ್ಚಿ, ಆಚೆಯವರಿಗೂ ಕೇಳಲೆಂದು ಸ್ಪೀಕರ್ ಹಾಕಿ ಬೈದ. ಪೆಟ್ಟಿಗೆಯನ್ನು ಬೈದ, ಕಂಪನಿಯನ್ನು ಬೈದ, ರಾಹುಕಾಲವನ್ನೂ ಬಿಡಲಿಲ್ಲ. ಅವನು ಉಸಿರೆಳೆದುಕೊಳ್ಳುವಾಗ ಮೆಕ್ಯಾನಿಕ್ ಕೇಳಿದ: “ಅದೆಲ್ಲ ಸರಿ ಯಜಮಾನ್ರೇ, ಒತ್ತಿದ್ದು ಯಾರು?”

ಗಂಡಿನ ತಂದೆ ಕಾರಿನೊಳಗೆ ಒಂದು ಕಾಲಿಟ್ಟಾಗಿತ್ತು. ಮನೆಯ ಕಿಟಕಿಯಲ್ಲಿ ಸಾಹುಕಾರನಿಗೆ ತನ್ನ ಮಗಳ ಮುಖ ಕಂಡಿತು.

“ನಾನೇ ಕಣಪ್ಪಾ. ಓದದೆ ಒತ್ತಿದೆ. ತಪ್ಪು ನನ್ನದೇ” ಎಂದ.

“ಹಂಗಾದ್ರೆ ಮೋಟಾರಿನ ಕೆಳಗೊಂದು ಕೆಂಪು ಹಿಡಿಕೆ ಐತೆ, ಎಳೆದು ಕೈಲಿ ತಳ್ಳಿ. ಆಗ್ಲಿಂದ ಹೇಳೋಣ ಅಂತಿದ್ದೆ, ಬೈಯೋದು ನಿಲ್ಲಿಸಿದ್ರೆ ತಾನೆ?”

ಸಾಹುಕಾರ ಪಂಚೆ ಎತ್ತಿ ಕಟ್ಟಿದ. ಒಬ್ಬನ ಕೈಯಲ್ಲಿ ಆಗುವ ಗೇಟೇ ಅದು? ಗಂಡಿನ ತಂದೆ ನಕ್ಕುಬಿಟ್ಟರು. “ತಪ್ಪು ಒಪ್ಕೊಂಡ್ರಲ್ಲ, ಸಾಕು. ಬಾರೋ, ನಿಮ್ಮ ಮಾವನ ಗೇಟು ತಳ್ಳು” ಎಂದು ಮಗನನ್ನು ಕರೆದರು.

ನಗುತ್ತಿದ್ದೀರಿ. ನಗಿ. ಈಗ ನಿಮ್ಮ ಮನೆಗೆ ಬರುತ್ತೇನೆ. ಇಲ್ಲಿ ಕೂತು ಪ್ರವಚನ ಕೇಳಿ ಕೇಳಿ ನಿಮಗೂ ಹೊಸ ಬುದ್ಧಿ ಬರುತ್ತದೆ. ಬಹಳ ಸಂತೋಷ. ಮನೆಗೆ ಹೋದವರೇ ‘ನಾಳೆಯಿಂದ ಎಲ್ಲರೂ ನಾಲ್ಕಕ್ಕೇ ಏಳಬೇಕು, ಈರುಳ್ಳಿ ಬಂದ್’ ಎನ್ನುತ್ತೀರಿ. ತಾಯಿಯ ಮಂಡಿಗೆ ಅದು ಹೊಂದುತ್ತದೆಯೇ? ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಸೊಸೆಗೆ ಹೊಂದುತ್ತದೆಯೇ? ಕೇಳಿದಿರಾ? ಕೇಳಲಿಲ್ಲ. ಮನೆ ಮುನಿಸಿಕೊಂಡಾಗ ‘ಕಲಿಗಾಲ’ ಎನ್ನುತ್ತೀರಿ. ಕಲಿ ಬಂದು ಒತ್ತಿದನೇ?

ಹೊಸ ನಿಯಮ ಸಾರುವ ಮೊದಲು ಮನೆಯವರನ್ನು ಕೂರಿಸಿಕೊಂಡು ‘ನಿಮಗೆ ಆಗುತ್ತಾ?’ ಎಂದು ಕೇಳಿ. ಆಗದವರಿಗೆ ಸಮಯ ಕೊಡಿ. ಎಡವಿದಿರೋ, ಪಕ್ಕದವರ ಮುಖ ನೋಡಬೇಡಿ. ‘ನಾನೇ ಮಾಡಿದ್ದು’ ಎನ್ನಿ, ಆಮೇಲೆ ಕೈ ಹಚ್ಚಿ. ಮುಂದಿನ ಸಾಲಿನ ರಾಯರೇ, ನಿಮ್ಮ ಮನೆಯವರು ಆಗಲೇ ತಲೆಯಾಡಿಸುತ್ತಿದ್ದಾರೆ. ನಿಮ್ಮಿಂದಲೇ ಶುರುವಾಗಲಿ.