ಮೂರನೇ ಬೆಂಡ್

ನಗೋರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗಿ ಮಲಗಿಬಿಡ್ತೀನಿ. ಆಮೇಲೆ ಭಯ ಆಗುತ್ತೆ ಅಂತ ನನ್ನ ಬಾಗಿಲು ತಟ್ಟೋ ಹಾಗಿಲ್ಲ. ದೆವ್ವ ಗಿವ್ವ ನಂಬೋಳಲ್ಲ ನಾನು. ಬಿಳಿ ಬಟ್ಟೆ, ಕೆದರಿದ ಕೂದಲು, ಅವೆಲ್ಲ ಕೆಲಸ ಇಲ್ಲದವರು ಹುಟ್ಟಿಸಿದ್ದು. ಇದು ಹಾಗಲ್ಲ. ಇದು ನಮ್ಮ ದೊಡ್ಡಮ್ಮನ ಮಗಳ ಗಂಡನಿಗೆ ಆದದ್ದು. ಕೊನೇಲಿ ನಾನೂ ಅಲ್ಲೇ ಇದ್ದೆ.

ಆ ಗಂಡ, ಅಂದ್ರೆ ನನ್ನ ಭಾವ. ಎದುರಿಗೆ ಸಿಕ್ಕರೆ ಬನ್ನಿ ಭಾವ, ಕೂತ್ಕೊಳ್ಳಿ ಭಾವ ಅಂತೀನಿ. ಈಗ ಎದುರಿಗಿಲ್ಲವಲ್ಲ, ಅವನು ಅಂತಲೇ ಹೇಳ್ತೀನಿ. ನಮ್ಮ ಕಡೆಯವರು ಅವನಿಗೆ ಇಟ್ಟ ಹೆಸರು ಎಲ್ಲಬಲ್ಲ. ಡಾಕ್ಟರಿಗೆ ರೋಗ ಹೇಳಿಕೊಡ್ತಾನೆ, ಡ್ರೈವರಿಗೆ ದಾರಿ ಹೇಳಿಕೊಡ್ತಾನೆ. ಅಂಥವನು.

ಅವತ್ತು ಕತ್ತಲಾಗಿ ಬಹಳ ಹೊತ್ತಾಗಿತ್ತು. ಷಟರ್ ಅರ್ಧ ಎಳೆದಿದ್ದ ಅಂಗಡಿಯವನನ್ನ ಕಾಡಿ, ಒಂದು ತಗಡಿನ ಪೈಪು, ಒಂದು ಬೆಂಡ್, ಅದೇ ಪೈಪು ತಿರುಗಿಸೋ ಮೊಣಕೈ ತುಂಡು, ತಗೊಂಡು ನಡೆದು ಬರ್ತಿದ್ದ. ಬೆಂಡ್ ಚೀಲದಲ್ಲಿ. ಪೈಪು ಹೆಗಲ ಮೇಲೆ. ಪೈಪಿನ ಬಾಯಿ ಸರಿಯಾಗಿ ಕಿವಿ ಪಕ್ಕ. ಅವರ ಬೀದಿ ತಿರುವಲ್ಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಯಾರೂ ನೀರು ಸೇದಲ್ಲ. ಅದರ ಹತ್ತಿರ ಬಂದಾಗ... ಪೈಪಿನ ಒಳಗಿಂದ...

ಚ್ಚ್.

ಗಾಳಿ ಅಲ್ಲ. ಗಾಳಿ ಪೈಪಲ್ಲಿ ಊಂ ಅನ್ನುತ್ತೆ. ಇದು ನಾಲಿಗೆ. ನಾಲಿಗೆ ತುದಿ ಹಲ್ಲಿನ ಹಿಂದೆ ಅಂಟಿಸಿ ಎಳೀತಾರಲ್ಲ, ಯಾವುದಾದ್ರೂ ಅಡ್ಡಾದಿಡ್ಡಿ ಕೆಲಸ ನೋಡಿದಾಗ... ಆ ಶಬ್ದ.

ಭಾವ ನಿಂತ. ಹಿಂದೆ ತಿರುಗಿ ನೋಡಿದ. ಖಾಲಿ ಬೀದಿ. ಪೈಪನ್ನ ಇನ್ನೊಂದು ಹೆಗಲಿಗೆ ಹಾಕಿಕೊಂಡ. ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ... ಈಗ ಈ ಕಿವಿಗೆ.

ಚ್ಚ್.

ಆ ಶಬ್ದ ಯಾರದ್ದು ಅಂತ ಅವನಿಗೆ ಚೆನ್ನಾಗಿ ಗೊತ್ತು. ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ. ಅವರಪ್ಪನದ್ದು. ಅವರಪ್ಪ ಸತ್ತು ಆಗಲೇ ಒಂದು ಚಳಿಗಾಲ ಕಳೆದಿತ್ತು.

ಆ ಮುದುಕನ ಬಗ್ಗೆ ಸ್ವಲ್ಪ ಹೇಳ್ಬೇಕು. ಮೇಸ್ತ್ರಿ. ಕೈಯಲ್ಲಿ ಕೆಲಸ ಇತ್ತು, ಇಲ್ಲ ಅನ್ನಲ್ಲ. ಬಾಯಲ್ಲಿ ಮಾತ್ರ ಒಂದು ಒಳ್ಳೆ ಮಾತು ಇರಲಿಲ್ಲ. ಮಗನಿಗೂ ಅದೇ ಕಸುಬು ಕಲಿಸಿದ, ಕಲಿಸಿದ್ದು ಹೇಗೆ ಅಂದ್ರೆ, ಮಗ ಒಂದು ಗೋಡೆ ಕಟ್ಟಿದ್ರೆ ಬಂದು ನಿಂತು ಚ್ಚ್ ಅನ್ನೋದು, ಆಮೇಲೆ ಒಂದೇ ಮಾತು. "ಬಿಚ್ಚು." ಅಷ್ಟೇ. ಎಲ್ಲಿ ತಪ್ಪು, ಯಾಕೆ ತಪ್ಪು, ಊಹೂಂ. ಬಿಚ್ಚು. ಮಗ ಕಟ್ಟಿದ್ದನ್ನೆಲ್ಲ ಬಿಚ್ಚಿ ಬಿಚ್ಚಿಯೇ ದೊಡ್ಡವನಾದ. ಆಮೇಲೆ ಅಪ್ಪನ ಕೆಲಸವೇ ಬೇಡ ಅಂತ ಟೈಲ್ಸ್ ಹಾಕಿಸೋ ಗುತ್ತಿಗೆ ಹಿಡಿದ. ಅಪ್ಪ ಬಂದು ಟೈಲ್ಸ್ ನೋಡಿ ಏನಂದ ಅಂತ ಕೇಳ್ತೀರಾ? ಏನೂ ಅನ್ನಲಿಲ್ಲ. ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆದ.

ಅಂಥ ಅಪ್ಪ ಸತ್ತ. ಎಲ್ಲಬಲ್ಲ ಮೊದಲು ಮಾಡಿದ ಕೆಲಸ ಗೊತ್ತಾ? ಆ ಮನೆ ಹಾಲ್‌ನಲ್ಲಿ ಮುದುಕ ತಾನೇ ಕಟ್ಟಿದ್ದ ಇದ್ದಿಲಿನ ಅಗ್ಗಿಷ್ಟಿಕೆ ಇತ್ತು, ಅದರ ಬಾಯಿಗೆ ಇಟ್ಟಿಗೆ ಇಟ್ಟು ಮುಚ್ಚಿದ. ಹಿಂದಿನ ಗೋಡೆಯೊಳಗೆ ಹೊಗೆಗೂಡು ಛಾವಣಿ ತನಕ ನೆಟ್ಟಗೆ ನಿಂತಿದೆ, ಅದರ ತಲೆ ಮೇಲೂ ಒಂದು ಕಲ್ಲು ಹೇರಿದ. ಆಯ್ತಪ್ಪ, ಅಪ್ಪನ ಮೇಲೆ ಸಿಟ್ಟು, ಅರ್ಥ ಆಗುತ್ತೆ. ಮರುವರ್ಷ ಚಳಿ ಬಂತು. ಮಗುಗೆ ಶೀತ, ಅಕ್ಕನಿಗೆ ಕೀಲುನೋವು. ಗ್ಯಾಸ್ ಅಗ್ಗಿಷ್ಟಿಕೆ ಹಾಕೋಣ ಅಂತ ಶುರು ಮಾಡಿದ.

ಗ್ಯಾಸ್ ಆದ್ರೂ ಉರಿಯೋದು ಉರಿಯೋದೇ ತಾನೆ. ಹೊಗೆ ಹೊರಗೆ ಹೋಗ್ಬೇಕು. ಕಣ್ಣಿಗೆ ಕಾಣಲ್ಲ, ಮೂಗಿಗೆ ಹತ್ತಲ್ಲ, ಮಲಗಿದವರು ಏಳಲ್ಲ. ಅಂಥ ಹೊಗೆ ಅದು. ಅದಕ್ಕೆ ದಾರಿ ಹಾಕೋದೇ ಇಡೀ ಕೆಲಸ. ಬುದ್ಧಿ ಇರೋನು ಏನು ಮಾಡ್ತಾನೆ? ಇರೋ ಹೊಗೆಗೂಡಿನೊಳಗೇ ಒಂದು ಪೈಪು ಇಳಿಸ್ತಾನೆ. ನೇರ ಮೇಲಕ್ಕೆ. ಮುಗೀತು. ಇವನು ಬಿಡ್ತಾನಾ? ಅಪ್ಪನ ಹೊಗೆಗೂಡನ್ನ ಮುಟ್ಟಲ್ಲ ಅಂದ. ಎದುರು ಗೋಡೆಗೆ ಅಗ್ಗಿಷ್ಟಿಕೆ ಇಟ್ಟ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಪೈಪಿನ ದಾರಿ ಬರೆದ. ಸ್ವಲ್ಪ ಮೇಲೆ, ಅಲ್ಲಿ ಒಂದು ಬೆಂಡ್. ಮೆಟ್ಟಿಲ ಪಕ್ಕ ಉದ್ದಕ್ಕೂ ಅಡ್ಡ. ಅಲ್ಲಿ ಇನ್ನೊಂದು. ಗೋಡೆ ತೂತು ಮಾಡಿ ಹೊರಗೆ, ಅಲ್ಲಿ ಬೀದಿಗೆ ಕಾಣಬಾರದು ಅಂತ ಮೂರನೇದು. ಆ ಮೂರನೇ ಬೆಂಡಿನ ಬಾಯಿ ತೆರೆಯೋದೆಲ್ಲಿ? ಮಹಡಿ ಮೇಲೆ ಮಗು ಮಲಗೋ ಕೋಣೆಯ ಕಿಟಕಿ ಕೆಳಗೆ.

ಗ್ಯಾಸ್ ಫಿಟ್ಟರ್ ಒಬ್ಬ ಬಂದಿದ್ದ. ಸೀಮೆಸುಣ್ಣದ ಗೆರೆ ನೋಡಿದ, ಟೀ ಕುಡಿದ, "ನಿಮ್ಮಿಷ್ಟ ಸಾರ್" ಅಂದು ಹೋದ. ಅವನಿಗೇನು ಹೋಗೋದು.

ಅಕ್ಕ ಮಾತ್ರ ಕೇಳಿದಳು. "ರೀ, ಆ ಕಿಟಕೀಲಿ ಮಗು ಮಲಗುತ್ತೆ ಕಣ್ರೀ."

"ಹೊಗೆ ಮೇಲಕ್ಕೆ ಹೋಗುತ್ತೆ ಕಣೇ."

"ಕಿಟಕಿನೂ ಮೇಲೇ ಇದೆಯಲ್ರೀ."

"ನೀನೂ ನಮ್ಮಪ್ಪನ ಥರ ಶುರು ಮಾಡ್ಬೇಡ." ಅಷ್ಟಕ್ಕೇ ಮಾತು ಮುಗೀತು. ಅಕ್ಕ ಅವತ್ತೇ ನನಗೆ ಫೋನ್ ಮಾಡಿದಳು. ಬಾರೇ, ಎರಡು ದಿನ ಇದ್ದು ಹೋಗೇ, ನನಗ್ಯಾಕೋ ಸರಿ ಬರ್ತಿಲ್ಲ ಅಂದಳು. ನಾನು ಹೋಗೋ ಹೊತ್ತಿಗೆ ಇವನು ಆ ಮೂರನೇ ಬೆಂಡ್ ತರೋಕೆ ಅಂಗಡಿಗೆ ಹೋಗಿದ್ದ.

ಬಂದ. ಮುಖ ಬೆಳ್ಳಗೆ. ಬಾವಿ ಹತ್ತಿರದ ಮಾತು ಆಗ ಹೇಳಲಿಲ್ಲ, ದೊಡ್ಡ ಮನುಷ್ಯ ಅಲ್ವಾ. ಪೈಪು ಗೋಡೆಗೆ ಒರಗಿಸಿ ಊಟಕ್ಕೆ ಕೂತ. ಆ ಹೊತ್ತಿಗೆ ಎರಡು ಬೆಂಡಿನ ತನಕ ಪೈಪು ಜೋಡಿಸಿ ಆಗಿತ್ತು. ಗ್ಯಾಸ್ ಇನ್ನೂ ಕೊಟ್ಟಿರಲಿಲ್ಲ. ನೆನಪಿಟ್ಕೊಳ್ಳಿ, ಗ್ಯಾಸ್ ಕೊಟ್ಟಿರಲಿಲ್ಲ.

ಟಿಕ್.

ಸ್ವಲ್ಪ ಹೊತ್ತು ಬಿಟ್ಟು... ಟಿಕ್... ಟಿಕ್.

ಬಿಸಿ ಆದ ತಗಡು ಆರುವಾಗ ಬರುತ್ತಲ್ಲ, ಆ ಶಬ್ದ. ಅಕ್ಕ ಕೈಲಿದ್ದ ತುತ್ತು ಹಾಗೇ ಹಿಡಿದು ಪಿಸುಗುಟ್ಟಿದಳು.

"ರೀ... ಹಚ್ಚಿದ್ರಾ?"

"ಇಲ್ಲ."

"ಮತ್ತೆ?"

"ಚಳಿಗೆ ಕಣೇ. ಊಟ ಮಾಡು."

ಊಟ ಮಾಡಿದ್ವಿ. ಇವನು ಕೈ ತೊಳೆದವನೇ ಏಣಿ ತಗೊಂಡು ಹೊರಗೆ ಹೋಗಿ ಮೂರನೇ ಬೆಂಡ್ ಕೂರಿಸಿದ. ಅದೂ ಆ ಕತ್ತಲಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು. ಹಠ. ಕೊನೇ ತಿರುಪು ತಿರುಗಿಸಿ, ಬೆಂಡಿನ ಬಾಯಿ ಹತ್ತಿರ ಮುಖ ತಂದು ಊದಿ ಧೂಳು ತೆಗೆಯೋಕೆ ಹೋದನಂತೆ. ಆಗ... ತೀರಾ ಒಳಗಿಂದ... ಬೇಸರದ ದನಿ.

"ಬಿಚ್ಚು."

ಏಣಿ ಇಳಿದು ಬಂದು ಅಡುಗೆಮನೇಲಿ ಎರಡು ಲೋಟ ನೀರು ಕುಡಿದ. ಏನಾಯ್ತು ಭಾವ ಅಂದೆ. ಏನಿಲ್ಲ ಅಂದ. ಆಮೇಲೆ ಬಾವಿ ಹತ್ತಿರದ್ದು, ಇದು, ಎಲ್ಲ ಹೇಳಿದ. ಹೇಳಿ, ಕೊನೇಲಿ ಏನಂದ ಗೊತ್ತಾ?

"ಸತ್ತ ಮೇಲೂ ನನ್ನ ಕೆಲಸದಲ್ಲಿ ಮೂಗು ತೂರಿಸ್ತಾನೆ. ಬಿಚ್ಚಲ್ಲ. ಏನ್ ಮಾಡ್ಕೊಳ್ತಾನೋ ಮಾಡ್ಕೊಳ್ಳಲಿ."

ನಿಜ ಹೇಳ್ತೀನಿ, ದೆವ್ವಕ್ಕಿಂತ ನನಗೆ ಆ ಮಾತಿಗೆ ಮೈ ಉರೀತು. ಮೇಲೆ ಮಗು ಮಲಗಿದೆ. ಬೆಳಗಾದ್ರೆ ಗ್ಯಾಸ್ ಕೊಡ್ತಾರೆ. ಇವನಿಗೆ ಅಪ್ಪನ ಜೊತೆ ಜಿದ್ದು. "ಭಾವ, ನಿಮ್ಮಪ್ಪನ್ನ ಬಿಡಿ. ಒಂದು ಸಲ ಹೊಗೆ ಹಾಕಿ ನೋಡಿ. ಸರಿ ಹೋದ್ರೆ ನಾನೇ ಕ್ಷಮೆ ಕೇಳ್ತೀನಿ" ಅಂದೆ. ಹಳೇ ಪೇಪರ್ ಸ್ವಲ್ಪ ತೇವ ಮಾಡಿ, ಸುತ್ತಿ, ಹಚ್ಚಿ ಕೊಟ್ಟೆ. ನನ್ನನ್ನ ಸೋಲಿಸೋಕಾದ್ರೂ ಮಾಡ್ತಾನೆ ಅಂತ ಗೊತ್ತಿತ್ತು.

ಹೊಸ ಅಗ್ಗಿಷ್ಟಿಕೆ ಬಾಯಲ್ಲಿಟ್ಟ. ಹೊಗೆ ಪೈಪಿಗೆ ಹತ್ತಿತು. ಇವನ ಮುಖ ಅರಳಿತು, ನೋಡಿದ್ಯಾ ಅನ್ನೋ ಥರ. ನಾವು ಮೂರೂ ಜನ ಮಹಡಿಗೆ ಹೋದ್ವಿ. ಮಗುವಿನ ಕೋಣೆ ಬಾಗಿಲು ತೆಗೆದ್ವಿ. ಕಿಟಕಿ ಒಂದು ಬೆರಳಿನಷ್ಟು ತೆರೆದಿತ್ತು. ಆ ಸಂದಿನಿಂದ ಹೊಗೆ ಒಳಗೆ ಬಂದು, ಪರದೆ ಮೇಲೆ ಹರಿದು, ಮಂಚದ ಕಡೆ ಇಳೀತಿತ್ತು. ಗ್ಯಾಸಿನ ಹೊಗೆ ಆಗಿದ್ರೆ ಇದೂ ಕಾಣ್ತಿರಲಿಲ್ಲ. ಅಕ್ಕ ಮಗುನ ಎತ್ತಿಕೊಂಡು ಕೆಳಗೆ ಬಂದಳು. ಕೆಳಗೆ ನೋಡಿದ್ರೆ ಉಳಿದ ಹೊಗೆ ಆ ಉದ್ದ ಪೈಪಲ್ಲಿ ತಣ್ಣಗಾಗಿ, ಮುಂದೆ ಹೋಗೋಕೆ ಸೋಮಾರಿಯಾಗಿ, ಅಗ್ಗಿಷ್ಟಿಕೆ ಬಾಯಿಂದಲೇ ಹಾಲ್‌ಗೆ ವಾಪಸ್ ಬರ್ತಿತ್ತು.

ಎಲ್ಲಬಲ್ಲ ನೋಡ್ತಾ ನಿಂತ. ಆಮೇಲೆ ತಿರುಪುಳಿ ತಗೊಂಡ. ಬಿಚ್ಚಿದ. ಮೂರನೇದು, ಎರಡನೇದು, ಮೊದಲನೇದು. ಅಳ್ತಿದ್ದ ಅನ್ಸುತ್ತೆ. ಕಣ್ಣಿಗೆ ಹೊಗೆ ಅಂದ. ಇರಲಿ ಬಿಡಿ, ನನಗೂ ಅವತ್ತು ನಗೋಕೆ ಮನಸ್ಸು ಬರಲಿಲ್ಲ.

ಬಿಚ್ಚಿ ಮುಗಿಸಿದವನು ಬೆಳಗಿನ ತನಕ ಕಾಯಬೇಕೋ ಬೇಡವೋ? ಊಹೂಂ. ಛಾವಣಿಗೆ ಹೋಗಿ ಹೊಗೆಗೂಡು ನೇರ ಇದೆಯಾ ನೋಡ್ತೀನಿ ಅಂದ. ಅಪ್ಪನ ತೂಗುಗುಂಡು ಹುಡುಕಿದ. ಅದೇ, ದಾರದ ತುದೀಲಿ ಹಿತ್ತಾಳೆ ಗುಂಡು, ಗೋಡೆ ನೆಟ್ಟಗಿದೆಯಾ ನೋಡೋದು. ಅವರ ಮನೇಲಿ ಅದಕ್ಕೊಂದು ಪದ್ಧತಿ. ಮೇಲಿಂದ ಅಪ್ಪ ಗುಂಡು ಇಳಿಸ್ತಿದ್ದ. ಅದು ಓಲಾಡುತ್ತಲ್ಲ, ಕೆಳಗೆ ನಿಂತ ಈ ಮಗ ಅದನ್ನ ಅಂಗೈಯಲ್ಲಿ ಹಿಡಿದು ನಿಲ್ಲಿಸಬೇಕು. ನಿಂತ ಮೇಲೆ ದಾರ ಎರಡು ಸಲ ಜಗ್ಗಬೇಕು. ಮೇಲಿಂದ ಅಪ್ಪ "ಬಿಡು" ಅಂದ್ರೆ ಬಿಡಬೇಕು. ಚಿಕ್ಕಂದಿನಲ್ಲಿ ಕೈ ನಡುಗಿದ್ರೆ ಬೈಗುಳ ಇಡೀ ಬೀದಿಗೆ ಕೇಳ್ತಿತ್ತಂತೆ.

ಭಾವ ಏಣಿ ಹತ್ತಿದ. ನಾನು ಹಿತ್ತಲಲ್ಲಿ ಏಣಿ ಹಿಡಿದು ನಿಂತೆ. ಒಳಗೆ ಹೊಗೆ ವಾಸನೆ ಅಂತ ಅಕ್ಕನೂ ಮಗು ಹೊದಿಸಿಕೊಂಡು ನನ್ನ ಪಕ್ಕ ಬಂದು ನಿಂತಳು. ಮನೆ ಒಳಗೆ ಯಾರೂ ಇಲ್ಲ. ಇದ್ರೂ ಏನು, ಕೆಳಗೆ ಹಳೇ ಅಗ್ಗಿಷ್ಟಿಕೆ ಬಾಯಿಗೆ ಇವನೇ ಕಟ್ಟಿದ ಇಟ್ಟಿಗೆ ಹಾಗೇ ಇತ್ತು. ಇರುವೆ ಹೋಗೋಕೂ ಜಾಗ ಇಲ್ಲ.

ಮೇಲಿನ ಕಲ್ಲು ಸರಿಸಿದ. ಘರ್ರ್... ಅಂತ ಕಲ್ಲಿನ ಶಬ್ದ. ದಾರ ಬಿಟ್ಟ. ಗುಂಡು ಒಳಗೋಡೆಗೆ ತಾಗ್ತಾ ಇಳೀತು. ಟಣ್... ಟಣ್... ಟಣ್. ಆಮೇಲೆ ಟಣ್ ನಿಂತುಹೋಯ್ತು. ತಾನಾಗೇ ನಿಲ್ಲೋ ಹಾಗೆ ನಿಧಾನಕ್ಕಲ್ಲ. ಒಮ್ಮೆಲೇ.

ಮೇಲೆ ಭಾವನ ಕೈಯಲ್ಲಿದ್ದ ದಾರ ಎರಡು ಸಲ ಜಗ್ಗಿತಂತೆ. ಆಮೇಲೆ ಮೆಲ್ಲಗೆ ಹೇಳಿದ್ದು ನಮ್ಮಿಬ್ಬರಿಗೂ ಕೇಳಿಸ್ತು.

"ಹ್ಞಾಂ... ಬಿಡು."

ಅಕ್ಕ ನನ್ನ ತೋಳು ಹಿಡಿದಳು. "ಯಾರಿಗೆ ಹೇಳ್ತಿದಾರೇ?"

ಮೇಲೆ ಟಾರ್ಚ್ ಬೆಳಕು ಹೊಗೆಗೂಡಿನ ಬಾಯಲ್ಲೇ ನಿಂತಿತ್ತು. ಚ್ಚ್ ಅನ್ನುತ್ತೇನೋ ಅಂತ ನಾನೂ ಕಿವಿ ಕೊಟ್ಟು ನಿಂತಿದ್ದೆ, ನಾಚಿಕೆ ಬಿಟ್ಟು ಹೇಳ್ತೀನಿ. ಅನ್ನಲಿಲ್ಲ. ಬಿಚ್ಚು ಅಂತಲೂ ಅನ್ನಲಿಲ್ಲ. ಶಭಾಷ್ ಅನ್ನೋ ಜಾತಿಯದ್ದಲ್ಲ ಆ ಮುದುಕ, ಬದುಕಿದ್ದಾಗಲೇ ಅನ್ನಲಿಲ್ಲ, ಈಗೇನು ಅನ್ನುತ್ತೆ. ಸುಮ್ಮನಿತ್ತು ಅಷ್ಟೇ.

ಭಾವ ದಾರ ಸುತ್ತಿಕೊಂಡು ಇಳಿದ. "ನೇರ ಇದೆ. ಒಂದು ಕೂದಲೆಳೆ ಓರೆ ಇಲ್ಲ" ಅಂದ. ಆಮೇಲೆ ಗುಂಡನ್ನ ನನ್ನ ಕೈಗೆ ಕೊಟ್ಟು, "ಮುಟ್ಟಿ ನೋಡು" ಅಂದ. ಅವನ ಜೀವಮಾನದಲ್ಲಿ ಮೊದಲ ಸಲ ನನ್ನನ್ನ ಏನೋ ಕೇಳಿದ, ಹೇಳಿಕೊಡಲಿಲ್ಲ.

ಮಾರನೇ ದಿನ ಇಟ್ಟಿಗೆ ಒಡೆದ್ರು. ಒಳಗೆ ಮಸಿ, ಹಳೇ ಬೂದಿ, ಏನೂ ಇಲ್ಲ. ಪೈಪು ಆ ಹೊಗೆಗೂಡಲ್ಲೇ ಇಳೀತು, ಒಂದೂ ಬೆಂಡ್ ಇಲ್ಲದೆ. ಮಗು ಅದೇ ಕೋಣೇಲಿ ಮಲಗುತ್ತೆ. ಎಲ್ಲಬಲ್ಲ ಮತ್ತೆ ಎಲ್ಲಬಲ್ಲನೇ ಆಗಿದ್ದಾನೆ, ಮೊನ್ನೆ ನನಗೆ ಅನ್ನ ಬಸಿಯೋದು ಹೇಳಿಕೊಟ್ಟ.

ಯಾಕೆ ಹಾಗೆ ಹಲ್ಲು ಕಿರೀತೀರಾ? ನಂಬಬೇಡಿ, ನನಗೇನು. ದಾರ ಜಗ್ಗಿದ್ದು ಅವನ ಭ್ರಮೆ ಅನ್ನಿ, ಚ್ಚ್ ಅಂದದ್ದು ಗಾಳಿ ಅನ್ನಿ. ಆದ್ರೆ ಆ ಗುಂಡು ನಾನೇ ಈ ಕೈಯಲ್ಲಿ ಹಿಡಿದೆ. ಮೈ ಕೊರೆಯೋ ಚಳಿ, ಒಂದು ವರ್ಷದಿಂದ ಬೆಂಕಿ ಕಾಣದ ಹೊಗೆಗೂಡು. ಹಿತ್ತಾಳೆ ಐಸ್ ಥರ ಇರಬೇಕಿತ್ತು. ಬೆಚ್ಚಗಿತ್ತು. ಬೆಂಕಿ ಬಿಸಿ ಅಲ್ಲ... ಯಾರೋ ಬಹಳ ಹೊತ್ತು ಮುಷ್ಟೀಲಿ ಹಿಡಿದು ಈಗಷ್ಟೇ ಬಿಟ್ಟ ಹಾಗೆ.