ಹದಿನಾಲ್ಕು ತಿಂಗಳಿಗೆ ಹತ್ತು ಕೆಜಿ

…ಅಲ್ಲ ಮಾರಾಯ್ತಿ, ಎಷ್ಟು ಸಲ ತೂಗ್ತೀಯ? ಆಗ ಹನ್ನೊಂದೂವರೆ ಇತ್ತು, ಈಗ್ಲೂ ಹನ್ನೊಂದೂವರೇನೇ. ಇಡೀ ಗೋಣಿಬೀಡಿನ ಕಾಫಿ ತೂಗಿರೋ ತಕ್ಕಡಿ ಇದು. ತನುಜಾ ಮೇಡಮ್ಮೋರ ಬ್ಯಾಗು ಅಂತ ಹೆದರಿ ಕಮ್ಮಿ ತೋರಿಸುತ್ತಾ? ಹತ್ತು ಕೆಜಿ ದಾಟಬಾರದು ಅಂತ ದೊಡ್ಡದಾಗಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದು ನೀನೇ ತಾನೇ? ತೆಗಿ ಏನಾದ್ರೂ. ಊಹೂಂ… ಸ್ವೆಟರ್ ಬೇಡ, ಅದಿರ್ಲಿ. ಆ ಡಬ್ಬ ತೆಗಿ. ಅದೇ, ಚಟ್ನಿಪುಡಿ ಪಕ್ಕದ್ದು. ಏನದು?

ಸುಣ್ಣ, ಹೊಗೆಸೊಪ್ಪಿನ ಪುಡಿ? ಇಂಬಳಕ್ಕಾ?

ಅಯ್ಯೋ ನಮ್ಮಪ್ಪಾ… ತಡಿ, ಸ್ವಲ್ಪ ನಕ್ಕೊಳ್ತೀನಿ. ಅಲ್ವೇ, ಪ್ಯಾರಿಸ್ ಬೀದೀಲಿ ಇಂಬಳಗಳೆಲ್ಲ ಸಾಲಾಗಿ ನಿಂತಿದಾವಾ, ಗೋಣಿಬೀಡಿಂದ ಟೀಚರಮ್ಮ ಬರ್ತಾರೆ, ಕಾಲಿಗೆ ಹತ್ತಿ ರಕ್ತ ಹೀರೋಣ ಅಂತ? ಏರ್‌ಪೋರ್ಟಲ್ಲಿ ಆ ಬಿಳಿ ಪುಡಿ ಕಂಡ್ರೆ ಏನಂತೀಯ? ಸಾರ್, ನಮ್ಮ ಕಡೆ ತೋಟದಲ್ಲಿ ಕಾಲಿಗೆ ಹಚ್ಕೊತೀವಿ ಅಂತೀಯಾ? ಆಮೇಲೆ ಪ್ರಪಂಚ ಸುತ್ತೋದೇನೂ ಬೇಡ, ಅವರೇ ಒಂದು ರೂಮಲ್ಲಿ ಕೂರಿಸ್ತಾರೆ. ಊಟನೂ ಅವರದೇ.

ನೀನೂ ನಗ್ತಿದೀಯಲ್ಲ! ಹಾಂ, ನಗು, ನಗು. ಹಂಗೆ ನೋಡಿದ್ರೆ ನಿನ್ನ ಪ್ರಯಾಣದಷ್ಟು ನಗು ಈ ಅಂಗಡೀಲಿ ಯಾವತ್ತೂ ಹುಟ್ಟಿಲ್ಲ ಬಿಡು. ಹೋದ ತಿಂಗಳು ಪ್ರಾಕ್ಟೀಸು ಅಂತ ಅತ್ತಿಗುಂಡಿ ಕಡೆ ಗುಡ್ಡ ಹತ್ತೋಕೆ ಹೋದ್ಯಲ್ಲ… ಮುಖ ಮುಚ್ಕೋಬೇಡ, ಹೇಳ್ತೀನಿ. ಬ್ಯಾಗಿಗೆ ಭಾರ ಬೇಕು. ಸರಿ. ಯಾರಾದ್ರೂ ಆಗಿದ್ರೆ ಕಲ್ಲು ಹಾಕ್ತಾರೆ, ಪುಸ್ತಕ ಹಾಕ್ತಾರೆ, ನೀರಿನ ಬಾಟ್ಲಿ ಹಾಕ್ತಾರೆ. ಇವಳು? ನನ್ನ ಗೋಡೌನಿಂದ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಹತ್ತು ಕೆಜಿ ತುಂಬ್ಕೊಂಡು ಹೋದ್ಲು! ಕುಯ್ಲಿನ ಕಾಲದಲ್ಲಿ! ತೋಟ ತೋಟದಲ್ಲೂ ಕಳ್ಳರನ್ನ ಕಾಯ್ತಾ ಕೂತಿರೋವಾಗ, ರುದ್ರಪ್ಪನೋರ ಎಸ್ಟೇಟಿನ ಬೇಲಿ ಪಕ್ಕದಲ್ಲೇ ಬೆನ್ನ ಮೇಲೆ ಮೂಟೆ ಹೊತ್ಕೊಂಡು ಏದುಸಿರು ಬಿಡ್ತಾ ಒಬ್ಬಳು ಹೆಂಗಸು! ವಾಚ್‌ಮನ್ ಹಿಡೀದೆ ಬಿಡ್ತಾನಾ? ಬ್ಯಾಗ್ ಬಿಚ್ಚಿಸ್ದ, ಕೈ ಹಾಕ್ದ, ಬೊಗಸೆ ತುಂಬ ಕಾಫಿ ಬೀಜ! 'ಪ್ರಪಂಚ ಪರ್ಯಟನೆಗೆ ತಯಾರಿ ಮಾಡ್ಕೊತಿದೀನಿ' ಅಂದ್ಯಂತೆ. ಆ ಮನುಷ್ಯ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: ಹಾಲೇಶಣ್ಣ, ಅಕ್ಕೋರಿಗೆ ಹುಷಾರಿಲ್ವಾ?

ಆಯ್ತು, ಆಯ್ತು. ಇನ್ನು ಹೇಳಲ್ಲ. ಡಬ್ಬ ತೆಗೆದ್ಯಾ? ಈಗ ನೋಡು… ಹನ್ನೊಂದು. ಇನ್ನೂ ಒಂದು ಕೆಜಿ. ಹದಿನಾಲ್ಕು ತಿಂಗಳ ತಿರುಗಾಟದ ಸಂಸಾರ ಹತ್ತು ಕೆಜೀಲಿ! ನಮ್ಮ ಮದುವೇಲಿ ನಿನ್ನ ಹಿಂದೆ ಬಂದ ಪಾತ್ರೆನೇ ಒಂದು ಜೀಪ್ ಇತ್ತು.

ಅಲ್ಲ, ನನಗೆ ಇದೊಂದು ಅರ್ಥ ಆಗಲ್ಲ. ಇಪ್ಪತ್ತೆರಡು ವರ್ಷ ಹೈಸ್ಕೂಲಲ್ಲಿ ಭೂಗೋಳ ಹೇಳ್ದೆ. ಯಾವ ನದಿ ಎಲ್ಲಿ ಹುಟ್ಟುತ್ತೆ ಅಂತ ನಿದ್ದೆಗಣ್ಣಲ್ಲೂ ಹೇಳ್ತೀಯ. ಸ್ವಯಂ ನಿವೃತ್ತಿ ತಗೊಂಡು ಅದನ್ನ ನೋಡೇಬೇಕು ಅಂದೆ. ನೋಡು ಮಾರಾಯ್ತಿ. ಆದ್ರೆ ನಿನ್ನ ಮ್ಯಾಪಲ್ಲಿ ಕೆಂಪು ಪೆನ್ನಲ್ಲಿ ಗೆರೆ ಎಳೆದಿದೀಯಲ್ಲ, ಮೊದಲು ಎಲ್ಲಿಗೆ? ವಿಯೆಟ್ನಾಂ. ಯಾಕೆ? ಕಾಫಿ ತೋಟ ನೋಡೋಕೆ. ಆಮೇಲೆ ಇಥಿಯೋಪಿಯಾ. ಯಾಕೆ? ಕಾಫಿ. ಆಮೇಲೆ ಬ್ರೆಜಿಲ್. ಅಲ್ಲೇನು, ಬದನೆಕಾಯಾ? ಮನೆ ಸುತ್ತ ಮೂರು ಎಕರೆ ಕಾಫಿ ಇದೆ, ತಿಂಗಳಿಗೆ ಒಂದು ಸಲಾನೂ ಕಾಲಿಡಲ್ಲ ನೀನು. ಅಲ್ಲಿ ಹೋಗಿ ಹಣ್ಣು ಕುಯ್ತೀಯಂತೆ! ನನಗೆ ಒಂದು ಮಾತು ಹೇಳಿದ್ರೆ ಇಲ್ಲೇ ಕುಕ್ಕೆ ಕೊಡ್ತಿದ್ದೆ. ವೀಸಾನೂ ಬೇಡ.

ನಿನಗೆ ಹೊರಡೋಕೆ ಒಳ್ಳೇ ತಿಂಗಳು ಹುಡುಕಿ ಕೊಟ್ಟೆ, ಅದನ್ನೂ ಕೇಳ್ಲಿಲ್ಲ. ಡಿಸೆಂಬರ್ ಜನವರಿ ಕುಯ್ಲು, ಆಗ ಆಗಲ್ಲ. ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬರುತ್ತೋ ಇಲ್ವೋ ಅಂತ ಆಕಾಶ ನೋಡ್ತಾ ಕೂರಬೇಕು. ಜೂನಿಗೆ ಮುಂಚೆ ಔಷಧಿ ಹೊಡೆಸ್ಬೇಕು, ಆಮೇಲೆ ಮಳೆ, ಆಮೇಲೆ ಕಳೆ. ಅದೆಲ್ಲ ಬಿಟ್ರೆ ಅಕ್ಟೋಬರಲ್ಲಿ ಹದಿನೈದು ದಿನ ಬಿಡುವಿದೆ, ಅಷ್ಟರಲ್ಲಿ ಮುಗಿಸ್ಕೊಂಡು ಬಾ ಅಂದೆ. ತಪ್ಪೇನು ಹೇಳ್ದೆ?

ಮತ್ತೆ ಫೋನ್ ನೋಡೋಕೆ ಶುರು ಮಾಡಿದ್ಯಾ? ತೋಟದ ಮನೇಲಿ ಸಿಗ್ನಲ್ ಸಿಗಲ್ಲ ಅಂತ ಅಂಗಡಿಗೆ ಬಂದಾಗೆಲ್ಲ ಇದೊಂದು ಕೆಲಸ ನಿನಗೆ. ಏನಂತೆ ನಿನ್ನ ಪಾಸ್‌ಪೋರ್ಟ್ ಅರ್ಜಿ? ಹೇಳ್ಬೇಡ, ನಾನೇ ಹೇಳ್ತೀನಿ. 'ಪರಿಶೀಲನೆಯಲ್ಲಿದೆ.' ಹೋದ ವಾರ ಪರಿಶೀಲನೆ, ಹೋದ ತಿಂಗಳೂ ಪರಿಶೀಲನೆ. ಪಾಪ, ಅವರೂ ನಿನ್ನಂಗೇ ಬಹಳ ಯೋಚನೆ ಮಾಡೋರಿರಬೇಕು. ಗೊತ್ತು ಮಾರಾಯ್ತಿ, ರೂಪಶ್ರೀ ಟೀಚರ್‌ಗೆ ಹದಿನೆಂಟೇ ದಿನಕ್ಕೆ ಪಾಸ್‌ಪೋರ್ಟ್ ಬಂತು, ನೂರು ಸಲ ಹೇಳಿದೀಯ. ಅವರು ಹತ್ತನೇ ತಾರೀಕು ಹೊರಡ್ತಾರೆ, ಅದೂ ಗೊತ್ತು. ಅವರ ಜೊತೆ ಅಲ್ಲದಿದ್ರೆ ನೀನು ಒಬ್ಬಳೇ ಹೋಗೋಳಲ್ಲ, ಅದೂ ಗೊತ್ತು. ನಾನೇನು ಮಾಡ್ಲಿ, ಹೇಳು? ಸರ್ಕಾರದ ಕೆಲಸ.

ನನಗನ್ಸುತ್ತೆ, ನಿನ್ನ ಫೋಟೋ ನೋಡೇ ಅವರು ಹೆದರಿರೋದು. ಹೂಂ ಮತ್ತೆ! ನಗಬೇಡಿ ಅಂದ್ರಂತೆ ಅಂತ ಅಷ್ಟೊಂದು ನಗದೇ ಇರೋದಾ? ಸೆರಗಿನ ಪಿನ್ನು ಓರೆ, ಹಣೆ ಮೇಲೆ ಒಂದೆಳೆ ಕೂದಲು, ಹೋಮ್‌ವರ್ಕ್ ಮಾಡದೋರ ಕಿವಿ ಹಿಂಡೋ ಮುಖ! ಪೊಲೀಸಿನೋನೇ ಕಾಫಿ ಲೋಟ ಕೆಳಗಿಟ್ಟು, 'ಏನ್ ಹಾಲೇಶಣ್ಣ, ಮೇಡಮ್ಮೋರು ನನ್ನನ್ನೇ ಬೈಯೋ ಹಂಗಿದಾರಲ್ಲ' ಅಂದ… ಹ್ಹ ಹ್ಹ… ನನಗಂತೂ ಹೊಟ್ಟೆ ಹುಣ್ಣಾಗೋ ಹಂಗೆ…

ಏನು?

ಯಾಕೆ ಹಂಗೆ ನೋಡ್ತೀಯ? ನಗು ಬರ್ಲಿಲ್ವಾ?

ಯಾವ ಪೊಲೀಸು ಅಂದ್ರೆ… ಯಾರೋ ಒಬ್ಬ. ಟಾರ್ಪಾಲು ಕೇಳ್ಕೊಂಡು ಬರ್ತಿರ್ತಾರಲ್ಲ ಅಂಗಡಿಗೆ. ಮಾತಿಗೆ ಮಾತು ಬಂತು, ನಾನೇ ಫೋಟೋ ತೋರಿಸ್ದೆ. ಅಷ್ಟೇ.

ಯಾವ ಫೋಟೋನಾ? ಅದೇ, ಪಾಸ್‌ಪೋರ್ಟಿಂದು… ಓರೆ ಪಿನ್ನಿನದ್ದು…

ಹಾಂ. ಹೌದು. ಅದನ್ನ ಆಫೀಸಲ್ಲೇ ತೆಗೆದಿದ್ದು, ನಿನಗೇ ಒಂದು ಕಾಪಿ ಕೊಟ್ಟಿಲ್ಲ. ಗೊತ್ತು. ಸ್ಟೂಲ್ ಮೇಲೆ ಕೂರಿಸಿ ತೆಗೆದ್ರು ಅಂತ ನೀನೇ ಬಂದು ಹೇಳಿದ್ದೆ. ನೀನು ಹೇಳಿದ್ದಕ್ಕೇ ನಾನು… ಅಂದಾಜಿಗೆ… ಪಿನ್ನು ಓರೆ ಇತ್ತು ಅಂತ ನೀನು ಹೇಳಿರ್ಲಿಲ್ವಾ?

ಹೂಂ, ನೀನು ಹೇಳಿರ್ಲಿಲ್ಲ.

ಫೋನ್ ಕೆಳಗಿಡು ತನುಜಾ. ಬೈಯಿ. ಕ್ಲಾಸಲ್ಲಿ ಬೈತಿದ್ಯಲ್ಲ, ಹಂಗೆ.

ಸರಿ. ಬಂದಿದ್ದ. ಆಗಸ್ಟಲ್ಲಿ. ಅವತ್ತು ಎರಡು ದಿನದ ಮಳೆ, ನೀನು ಮನೇಲಿ ಮ್ಯಾಪ್ ಹರಡ್ಕೊಂಡು ಕೂತಿದ್ದೆ. ಅರ್ಜೀಲಿ ನನ್ನ ನಂಬರೇ ಇತ್ತಲ್ಲ, ಮನೇಲಿ ಸಿಗ್ನಲ್ ಇಲ್ಲ ಅಂತ ನಾನೇ ಬರೆಸಿದ್ದು. ಆಗ ನನ್ನ ಮನಸ್ಸಲ್ಲಿ ಏನೂ ಇರ್ಲಿಲ್ಲ, ನಿಜವಾಗ್ಲೂ. ವೆರಿಫಿಕೇಶನ್ ಅಂತ ಫೋನ್ ಮಾಡ್ದ. ಆ ಮಳೇಲಿ ತೋಟದ ದಾರಿ ಯಾಕೆ, ಅಂಗಡಿಗೇ ಬನ್ನಿ ಅಂದೆ. ಅವನಿಗೂ ಅದೇ ರೂಢಿ. ಈ ಊರಲ್ಲಿ ಯಾವ ಮನೆ ವಿಷಯ ಆದ್ರೂ ಗಂಡಸರನ್ನ ಅಂಗಡೀಲಿ ಕೇಳಿದ್ರೆ ಮುಗೀತು. ಕಾಫಿ ತರಿಸ್ದೆ. ಕಾಗದ ಬಿಚ್ಚಿದ, ನಿನ್ನ ಫೋಟೋ ಇತ್ತು. ತಮಾಷೆ ಮಾಡಿದ್ವಿ, ಇಬ್ಬರೂ ನಕ್ವಿ. ಆಮೇಲೆ 'ಈ ವಿಳಾಸದಲ್ಲೇ ಇದಾರಾ' ಅಂದ.

ಇಲ್ಲ ಅಂದೆ.

ಮಗಳ ಮನೇಲಿ ಇರ್ತಾಳೆ, ಇಲ್ಲಿಲ್ಲ ಅಂದೆ. ಬರ್ಕೊಂಡ. ಎರಡು ನಿಮಿಷ ಹಿಡಿದಿರಬಹುದು. ಲೋಟ ಇನ್ನೂ ಬಿಸಿ ಇತ್ತು.

ಅಲ್ಲಿಂದ ಇಲ್ಲೀವರೆಗೆ ನೀನು 'ನಾನೇ ಹೋಗಿ ಕೇಳ್ಕೊಂಡು ಬರ್ತೀನಿ' ಅಂದಾಗೆಲ್ಲ, ಬಿಡು, ನಾನು ವಿಚಾರಿಸ್ತೀನಿ ಅಂದೆ. ಹೂಂ, ಪ್ರತಿ ಸಲವೂ ಸುಳ್ಳೇ.

ಯಾಕೆ ಅಂತ ಕೇಳಲ್ವಾ? ಕೇಳ್ದಿದ್ರೂ ಹೇಳ್ತೀನಿ. ಊಟಕ್ಕೆ ಕಷ್ಟ ಆಗುತ್ತೆ ಅಂತಲ್ಲ, ಅಕ್ಕಿ ಇಡೋಕೆ ನನಗೂ ಬರುತ್ತೆ. ನೀನು ವಾಪಸ್ ಬರಲ್ಲ ಅಂತಾನೂ ಅಲ್ಲ. ಬರ್ತೀಯ. ಬಂದ್ಮೇಲೆ ಒಂದು ದಿನ ಈ ಸ್ಟೂಲ್ ಮೇಲೆ ಕೂತ್ಕೊಂಡು, ಗೋಣಿಚೀಲದ ಮಧ್ಯ ಇರೋ ನನ್ನ ನೋಡ್ತೀಯಲ್ಲ… ಅಷ್ಟೆಲ್ಲ ನೋಡಿದ ಕಣ್ಣಿಗೆ ನಾನು ಎಷ್ಟು ಸಣ್ಣವನಾಗಿ ಕಾಣ್ಬಹುದು ಅಂತ. ಅದಕ್ಕೇ ಭಯ ಆಯ್ತು ಕಣೆ. ಈ ವರ್ಷ ಪೂರ್ತಿ ನಗಿಸಿ ನಗಿಸಿ ಆ ಭಯಾನೇ ಮುಚ್ಚಿಡ್ತಿದ್ದೆ.

ಏನು ಮಾಡ್ತಿದೀಯ? ಬ್ಯಾಗ್ ಯಾಕೆ ಹೆಗಲಿಗೆ ಹಾಕ್ತೀಯ? ಇನ್ನೂ ಒಂದು ಕೆಜಿ ಜಾಸ್ತಿ ಇದೆ, ತೆಗೀಬೇಕು… ಪಾಸ್‌ಪೋರ್ಟೇ ಇಲ್ವಲ್ಲೇ, ಎಲ್ಲಿಗೆ? ಪೊಲೀಸ್ ಸ್ಟೇಷನ್ನಿಗಾ? ನಡಿ, ನಾನೂ ಬರ್ತೀನಿ, ನಾನೇ ತಪ್ಪಾಯ್ತು ಅಂತ ಬರೆದುಕೊಡ್ತೀನಿ. ಮಗಳ ಮನೆಗಾ? ಮೆಟ್ಟಿಲು ಇಳೀಬೇಡ. ತನುಜಾ, ಬಸ್ಸಿಗೆ ಕೈ ತೋರಿಸ್ಬೇಡ, ನಿಂತ್ಕೋ…

ಆ ಪೊಲೀಸಿನೋನು ಮತ್ತೆ ಬಂದು, ಇಲ್ಲಿ ತನುಜಾ ಅನ್ನೋರು ಇದಾರಾ ಅಂತ ಕೇಳಿದ್ರೆ… ನಾನು ಏನಂತ ಹೇಳ್ಲಿ?